ಮಗ ‘ಲೈನ್’ಗೆ ಐದು ಅರ್ಥ ಬರೆದ, ಟೀಚರ್ ಎರಡಕ್ಕೆ ಕೆಂಪು ಗೆರೆ ಎಳೆದಿದ್ದಾರೆ. ಯಾರು ಸರಿ?

ಟೆಂಪೋ_ಅಣ್ಣ
ಎಲ್ಲರಿಗೂ ನಮಸ್ಕಾರ. ನಾನು ಬೇಕರಿ ಐಟಂ ಲೈನ್ ಸೇಲ್ ಮಾಡುವವನು. ಉಡುಪಿಯಲ್ಲಿ ಬೆಳಗ್ಗೆ ಐದಕ್ಕೆ ಬ್ರೆಡ್, ಬನ್, ರಸ್ಕ್, ಖಾರ ಎಲ್ಲ ಲೋಡ್ ಮಾಡಿಕೊಂಡು ಹೊರಡುವುದು. ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರು ಅಂತ ಅಂಗಡಿ ಅಂಗಡಿಗೆ ಹಾಕುತ್ತಾ ಹೋಗಿ, ನಿನ್ನೆಯ ರಿಟರ್ನ್ ಮಾಲು ಎತ್ತಿಕೊಂಡು ಮಧ್ಯಾಹ್ನಕ್ಕೆ ಮನೆಗೆ.

ಮಗ ಐದನೇ ಕ್ಲಾಸು. ಮೊನ್ನೆ ಇಂಗ್ಲಿಷ್ ಹೋಂವರ್ಕ್ ಕೊಟ್ಟಿದ್ದರು, ‘ಲೈನ್’ ಅನ್ನುವ ಪದ ಐದು ಬೇರೆ ಬೇರೆ ಅರ್ಥದಲ್ಲಿ ಬರುವ ಹಾಗೆ ಐದು ವಾಕ್ಯ. ಅವನು ಯಾರನ್ನೂ ಕೇಳದೆ ಬರೆದ. ಸ್ಕೇಲಿನಲ್ಲಿ ಎಳೆಯುವ ಲೈನ್, ರೇಷನ್ ಅಂಗಡಿಯ ಲೈನ್, ಕರೆಂಟ್ ಲೈನ್, ‘ನನ್ನ ಪಪ್ಪ ದಿನಾ ಲೈನಿಗೆ ಹೋಗುತ್ತಾರೆ’, ‘ನನ್ನ ಮಾವ ಹೋಟೆಲ್ ಲೈನಿನಲ್ಲಿದ್ದಾರೆ’. ಕೊನೆಯ ಎರಡಕ್ಕೆ ಕೆಂಪು ಪೆನ್ನಿನ ಗೆರೆ.

ಸಂಜೆ ಬಂದು ಕೇಳುತ್ತಾನೆ, ‘ಪಪ್ಪ, ನೀನು ಹೋಗುವುದು ಲೈನಿಗೆ ಅಲ್ವಾ ಹಾಗಾದ್ರೆ?’ ನಾನು 18 ವರ್ಷದಿಂದ ಲೈನಿಗೆ ಹೋಗುತ್ತಿದ್ದೇನೆ ಮಾರಾಯ್ರೆ. ಲೈನ್ ಅಲ್ಲ ಅಂದ್ರೆ ಮತ್ತೆ ಹೋಗುವುದು ಎಲ್ಲಿಗೆ? ಇಂಗ್ಲಿಷ್ ಗೊತ್ತಿರುವವರು ಹೇಳಿ.

ಕದ್ರಿ_ಕಾಪಿ
ಟೀಚರ್ ತಪ್ಪು. ಮುಗೀತು.

ಪಡುಬಿದ್ರಿ_ಪೋಕ್ರಿ
ಮುಖ್ಯವಾದದ್ದೇ ಬಿಟ್ಟಿದ್ದಾನಲ್ಲ ಹುಡುಗ. ಲೈನ್ ಹೊಡೆಯುವುದು!!

ಬನ್ಸ್_ಪ್ರಿಯೆ
@ಪಡುಬಿದ್ರಿ_ಪೋಕ್ರಿ ಐದನೇ ಕ್ಲಾಸಿನ ಮಗು ಅದು. ಸ್ವಲ್ಪ ನಾಚಿಕೆ ಇರಲಿ.

ಆದರೂ ಹೇಳದೆ ಇರಲಿಕ್ಕೆ ಆಗುವುದಿಲ್ಲ. ನನ್ನ ತಮ್ಮ ಕಾಲೇಜಿಗೆ ಹೋಗುವಾಗ ಅವನ ದೋಸ್ತಿ ಮನೆಗೆ ಬಂದು ಅಜ್ಜಿಯ ಎದುರೇ ‘ಇವನು ಈಗ ಲೈನ್ ಹೊಡೆಯುವುದರಲ್ಲಿ ಬಿಜಿ’ ಅಂದ. ಅಜ್ಜಿಗೆ ಭಾರಿ ಖುಷಿ. ‘ಹೈವೇಯಲ್ಲಿ ಬಿಳಿ ಪಟ್ಟೆ ಹೊಡೆಯುವ ಕೆಲಸವಾ? ದಿನಕ್ಕೆ ಎಷ್ಟು ಕೊಡ್ತಾರೆ? ಬಿಸಿಲಿಗೆ ಮಂಡೆಗೆ ಬೈರಾಸು ಸುತ್ತಿಕೊಳ್ಳಲಿಕ್ಕೆ ಹೇಳು’ ಅಂದ್ರು. ತಮ್ಮ ಒಂದು ವಾರ ಅಜ್ಜಿಯ ಮುಖ ನೋಡಲಿಲ್ಲ.

ರಜೆಯಲ್ಲಿರುವ_ಟೀಚರ್
ನಾನೂ ಇಂಗ್ಲಿಷ್ ಟೀಚರೇ, ಮಂಗಳೂರಿನಲ್ಲಿ. ಆ ಟೀಚರಿಗೆ ಸುಮ್ನೆ ಬೈಯಬೇಡಿ, 45 ಪುಸ್ತಕ ತಿದ್ದುವಾಗ ಕೈ ತನ್ನಷ್ಟಕ್ಕೇ ಹೋಗುತ್ತದೆ. ಆದರೆ ಹೋಟೆಲ್ ಲೈನ್ ಅಪ್ಪಟ ಇಂಗ್ಲಿಷ್. ಉದ್ಯೋಗ, ಕಸುಬು ಅನ್ನುವ ಅರ್ಥಕ್ಕೆ ಇಂಗ್ಲಿಷಿನವರೂ ಲೈನ್ ಅಂತಲೇ ಹೇಳುತ್ತಾರೆ. ‘ನಿಮ್ಮದು ಯಾವ ಲೈನ್’ ಅಂತ ನಾವು ಕೇಳುವುದು ಅವರಿಂದಲೇ ಬಂದದ್ದು. ಆ ವಾಕ್ಯಕ್ಕೆ ಮಾರ್ಕ್ ಕೊಡಲೇಬೇಕು.

ಲೈನ್ ಸೇಲ್ ಮಾತ್ರ ನಮ್ಮ ಕಡೆಯದ್ದು. ಲಂಡನ್ನಿನಲ್ಲಿ ‘ನಾನು ಲೈನಿಗೆ ಹೋಗಿ ಬರುತ್ತೇನೆ’ ಅಂದ್ರೆ ಯಾರಿಗೂ ತಲೆಬುಡ ಗೊತ್ತಾಗಲಿಕ್ಕಿಲ್ಲ. ಹಾಗಂತ ಅದೂ ಗಾಳಿಯಲ್ಲಿ ಹುಟ್ಟಿದ ಅರ್ಥ ಅಲ್ಲ. ರೈಲು, ಬಸ್ಸು, ಹಡಗು ದಿನಾ ಹೋಗುವ ದಾರಿಗೂ ಇಂಗ್ಲಿಷಿನಲ್ಲಿ ಲೈನ್ ಅಂತಾರೆ. ನಿಮ್ಮ ಟೆಂಪೋನೂ ದಿನಾ ಅದೇ ದಾರಿ ಅಲ್ವಾ?

ಟೆಂಪೋ_ಅಣ್ಣ
ಭಾನುವಾರ ಬಿಟ್ಟು ದಿನಾ ಅದೇ ದಾರಿ ಟೀಚರ್. ಅದೇ ಹೊಂಡ ಕೂಡ.

ಮಾಟುಂಗ_ರಿಟರ್ನ್
ಹೋಟೆಲ್ ಲೈನಿಗೆ ಕೆಂಪು ಗೆರೆ ಅಂದ ಕೂಡಲೇ ಹೊಟ್ಟೆ ಉರಿಯಿತು. ನಾನು ಏಳನೇ ಮುಗಿಸಿ 14ನೇ ವಯಸ್ಸಿಗೆ ಮುಂಬಯಿ ಬಸ್ಸು ಹತ್ತಿದವನು. ಮಾಟುಂಗದಲ್ಲಿ ಮೊದಲು ಕಪ್ಪು ಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈ, ಕೊನೆಗೆ ಗಲ್ಲಾ. ಗಲ್ಲಾದಲ್ಲಿ ಕೂರಲು 11 ವರ್ಷ ಬೇಕಾಯಿತು. ರಾತ್ರಿ ಕನ್ನಡ ಶಾಲೆಗೆ ಹೋಗಿ ಹತ್ತನೇ ಪಾಸಾದದ್ದು, ಎಷ್ಟೋ ಹುಡುಗರು ಹಾಗೇ ಓದಿದ್ದು ಅಲ್ಲಿ.

ಆಗ ಊರಿನಲ್ಲಿ ಹೆಣ್ಣು ಕೇಳಲಿಕ್ಕೆ ಹೋದರೆ ಮೊದಲ ಪ್ರಶ್ನೆಯೇ ‘ಹುಡುಗ ಯಾವ ಲೈನು?’ ಹೋಟೆಲ್ ಲೈನು ಅಂದ್ರೆ ಒಂದು ಮುಖ, ಬ್ಯಾಂಕ್ ಲೈನು ಅಂದ್ರೆ ಇನ್ನೊಂದು ಮುಖ. ನನ್ನ ಮಾವನವರು ‘ಸ್ವಂತದ್ದಾ, ಕೆಲಸಕ್ಕಾ?’ ಅಂತ ಮತ್ತೊಂದು ಕೇಳಿದರು. ಈಗ ಅವರೇ ನಮ್ಮ ಹೋಟೆಲಿಗೆ ಬಂದು ದಿನಾ ತಿಂಡಿ ತಿನ್ನುವುದು, ಬಿಲ್ ಕೊಟ್ಟದ್ದಿಲ್ಲ.

ಕುಂದಾಪ್ರ_ಹುಡ್ಗ
ಎಂತ ಗಲಾಟೆ ಮರಾಯ್ರೆ. ನಮ್ ಬದಿಯಲ್ಲಿ ಲೈನ್ ಅಂದ್ರೆ ಬಸ್ಸಿನ ಲೈನೇ. ಬೇರೆ ಎಂತದೂ ಇಲ್ಲ ಕಾಣಿ.

ಕದ್ರಿ_ಕಾಪಿ
ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವುದು ಲೈನಿಗೆ ಅಲ್ಲ, ‘ಸೆಟ್’ಗೆ. ಸೆಟ್ ದೋಸೆ, ಪಂಪ್ ಸೆಟ್, ಹಲ್ಲಿನ ಸೆಟ್, ವಾಲಿಬಾಲ್ ಸೆಟ್, ಮೊಸರು ಸೆಟ್ ಆಗಲಿಲ್ಲ, ಅವನಿಗೂ ಅವಳಿಗೂ ಸೆಟ್ ಆಯ್ತು. ಟೀಚರ್ ಅದನ್ನು ಕೊಟ್ಟಿದ್ದರೆ ಹುಡುಗ ಪುಸ್ತಕ ತುಂಬಿಸುತ್ತಿದ್ದ.

ರಜೆಯಲ್ಲಿರುವ_ಟೀಚರ್
ಅದು ಹಳೇ ಲೆಕ್ಕ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ ಎರಡನೇ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದಕ್ಕೆ ಸುಮಾರು 430 ಅರ್ಥ, ಅದರ ವಿವರಣೆಯೇ 60,000 ಪದ. ಆಮೇಲೆ ಹೊಸದಾಗಿ ತಿದ್ದುವಾಗ ‘ರನ್’ ಕ್ರಿಯಾಪದ 645 ಅರ್ಥಕ್ಕೆ ಏರಿ ಮುಂದೆ ಹೋಯಿತು.

ಪಡುಬಿದ್ರಿ_ಪೋಕ್ರಿ
ರನ್ ಓಡಿಕೊಂಡೇ ಗೆದ್ದಿತು ಅನ್ನಿ.

ಕಂಬ_ಹತ್ತುವವ
ಕರೆಂಟ್ ಲೈನ್ ಬಗ್ಗೆ ಒಂದು ಮಾತು. ಈಗ ನಾವು ಲೈನ್‌ಮ್ಯಾನ್ ಅಲ್ಲ, ಆರ್ಡರಿನಲ್ಲಿ ಬರೆದಿರುವುದು ಪವರ್‌ಮ್ಯಾನ್ ಅಂತ. ಯಾರಾದರೂ ಹಾಗೆ ಕರೆದದ್ದು ಉಂಟಾ? ಮಳೆಗಾಲದಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ಲೈನ್‌ಮ್ಯಾನ್ ಅಣ್ಣ, ಲೈನ್ ಮೇಲೆ ತೆಂಗಿನ ಮಡಲು ಬಿದ್ದಿದೆ’ ಅಂತಲೇ ಹೇಳುವುದು. ಒಂದು ಹೆಂಗಸು ‘ನಮ್ಮ ಲೈನಿಗೆ ಮಾತ್ರ ಲೈನ್ ಇಲ್ಲ, ಆಚೆ ಲೈನಿನವರಿಗೆ ಉಂಟು’ ಅಂದಿದ್ದರು. ಮೂರು ಲೈನು, ಮೂರಕ್ಕೂ ಬೇರೆ ಅರ್ಥ. ಮನೆ ಸಾಲು, ಕರೆಂಟು, ಮತ್ತೊಂದು ಮನೆ ಸಾಲು.

ಬನ್ಸ್_ಪ್ರಿಯೆ
ಅದರಲ್ಲಿ ಎರಡೇ ಅರ್ಥ ಅಣ್ಣ. ಮೊದಲನೆಯದು ಮೂರನೆಯದು ಒಂದೇ.

ಕಂಬ_ಹತ್ತುವವ
ಹೌದಲ್ಲ. ಬೆಳಗ್ಗಿಂದ ಕಂಬದ ಮೇಲಿದ್ದೆ, ಮಂಡೆ ಓಡುತ್ತಿಲ್ಲ.

ಬಾವುಟ_ತೋರಿಸಿದವ
ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತ. ನೀವೆಲ್ಲ ‘ಲೈನ್ ಕ್ಲಿಯರ್’ ಅನ್ನುತ್ತೀರಲ್ಲ, ಲೋನಿಗೆ ಲೈನ್ ಕ್ಲಿಯರ್, ಮದುವೆಗೆ ಲೈನ್ ಕ್ಲಿಯರ್ ಅಂತ. ಅದು ನಮ್ಮ ಇಲಾಖೆಯ ಮಾತು. ಒಂದೇ ಹಳಿಯ ಮೇಲೆ ಎರಡೂ ಕಡೆಯಿಂದ ಗಾಡಿ ಬರಬೇಕಲ್ಲ, ಹಾಗಾಗಿ ಈ ಸ್ಟೇಷನ್ ಮಾಸ್ಟರ್ ಮುಂದಿನ ಸ್ಟೇಷನ್ನಿಗೆ ಕೇಳಬೇಕು. ಅವರು ‘ಇಲ್ಲಿ ಖಾಲಿ ಉಂಟು, ಕಳಿಸಿ’ ಅಂತ ಒಪ್ಪಿಗೆ ಕೊಡುವುದೇ ಲೈನ್ ಕ್ಲಿಯರ್. ಅದು ಸಿಗದೆ ಪ್ರಧಾನ ಮಂತ್ರಿ ಕೂತಿದ್ದರೂ ಗಾಡಿ ಬಿಡುವ ಹಾಗಿಲ್ಲ.

ಹಿಂದೆ ಈ ಒಪ್ಪಿಗೆ ಕೈಗೆ ಸಿಗುವ ವಸ್ತುವಾಗಿತ್ತು. ಎರಡು ಸ್ಟೇಷನ್ನಿನಲ್ಲೂ ಜೋಡಿ ಪೆಟ್ಟಿಗೆ. ಆ ಕಡೆಯವರು ಒಪ್ಪಿದರೆ ಮಾತ್ರ ಈ ಪೆಟ್ಟಿಗೆಯಿಂದ ಕ್ರಿಕೆಟ್ ಚೆಂಡಿಗಿಂತ ಚಿಕ್ಕದಾದ ಒಂದು ಲೋಹದ ಗೋಲಿ ಹೊರಗೆ ಬರುತ್ತಿತ್ತು. ಅದನ್ನು ಚರ್ಮದ ಚೀಲಕ್ಕೆ ಹಾಕಿ, ದೊಡ್ಡ ಬೆತ್ತದ ಬಳೆಗೆ ಕಟ್ಟಿ ಪ್ಲಾಟ್‌ಫಾರಂ ತುದಿಯಲ್ಲಿ ಎತ್ತಿ ಹಿಡಿಯುವುದು. ನಿಲ್ಲದೆ ಹೋಗುವ ಗಾಡಿಯಾದರೆ ಎಂಜಿನ್ನಿನವರು ಕೈ ತೂರಿಸಿ ಬಳೆ ಹೆಕ್ಕಿಕೊಳ್ಳಬೇಕು. ಮೊಣಕೈಗೆ ಬಿದ್ದ ಪೆಟ್ಟು ಎರಡು ದಿನ ನೋಯುತ್ತಿತ್ತು. ಕೈ ತಪ್ಪಿದರೆ ಗಾಡಿ ನಿಲ್ಲಿಸಿ ಹುಡುಕಬೇಕು. ಒಮ್ಮೆ ಮಳೆಯಲ್ಲಿ ಬಳೆ ತಪ್ಪಿ ಚರಂಡಿಗೆ ಬಿದ್ದು, ಇಡೀ ಗಾಡಿಯ ಜನ ಕಿಟಕಿಯಲ್ಲಿ ತಲೆ ಹಾಕಿ ನೋಡುತ್ತಾ ಇದ್ದರು, ನಾನು ಮತ್ತು ಪೋರ್ಟರ್ ಟಾರ್ಚ್ ಹಿಡಿದು ಕೆಸರಿನಲ್ಲಿ.

ಈಗ ಎಲ್ಲ ಕರೆಂಟಿನಲ್ಲಿ. ಕೊಂಕಣ ರೈಲ್ವೆ ಪೂರ್ತಿ ಶುರುವಾದದ್ದು 1998ರ ಜನವರಿ 26ಕ್ಕೆ. ರೋಹಾದಿಂದ ನಮ್ಮ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್, ಹೆಚ್ಚಿನ ಕಡೆ ಒಂದೇ ಹಳಿ. ನಿಮ್ಮ ರೈಲು ಯಾವುದೋ ಕಾಡಿನ ಸ್ಟೇಷನ್ನಿನಲ್ಲಿ ಅರ್ಧ ಗಂಟೆ ಸುಮ್ನೆ ನಿಂತರೆ ಬೈಯುತ್ತೀರಲ್ಲ, ಅದು ಲೈನ್ ಕ್ಲಿಯರಿಗೆ ಕಾಯುವುದು.

ಮಾಟುಂಗ_ರಿಟರ್ನ್
ನಾವು ಬೈದದ್ದು ಹೌದು. ಕ್ಷಮಿಸಿ ಸರ್.

ಕಾಪು_ಕಾರ್
ಇದೇ ಜಾಗದಲ್ಲಿ ಒಂದು ತಪ್ಪು ತಿದ್ದಿಬಿಡುತ್ತೇನೆ. ನಮ್ಮ ಕಡೆ ಎಲ್ಲರೂ 66ನೇ ನಂಬರ್ ಹೈವೇಗೆ ‘ಫೋರ್ ಲೈನ್ ರೋಡು’ ಅನ್ನುತ್ತಾರೆ. ಬ್ಯಾನರಿನಲ್ಲೂ ಹಾಗೇ ನೋಡಿದ್ದೇನೆ. ಅದು ಲೈನ್ ಅಲ್ಲ, ಲೇನ್. ಬೇರೆಯೇ ಪದ. ಲೇನ್ ಅಂದ್ರೆ ಓಣಿ, ಪಥ. ಚತುಷ್ಪಥ ಅಂತ ಪೇಪರಿನವರು ಬರೆಯುವುದು ಅದಕ್ಕೇ.

ಕದ್ರಿ_ಕಾಪಿ
ಲೇನೋ ಲೈನೋ, ಅದರಲ್ಲಿ ರಾಂಗ್ ಸೈಡಿನಿಂದ ಸ್ಕೂಟರ್ ಬರುವುದು ನಿಲ್ಲುವುದಿಲ್ಲವಲ್ಲ.

ಕುಂದಾಪ್ರ_ಹುಡ್ಗ
ಬಿಳಿ ಲೈನ್ ಎಳ್ದಿದ್ದಕ್ಕೇ ಅಲ್ದಾ ಲೇನ್ ಆದ್ದು. ಲೈನ್ ಅಳಿಸಿ ಹೋದ್ರೆ ಲೇನ್ ಎಲ್ಲಿತ್ತ್?

ಕಾಪು_ಕಾರ್
ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ.

ಟೈಲರ್_ಅಕ್ಕ
ಬ್ಲೌಸಿನ ಲೈನಿಂಗ್ ಯಾರೂ ಹೇಳಲಿಲ್ಲ. ಒಳಗೆ ಹಾಕುವ ಬಟ್ಟೆ. ಅದಕ್ಕೂ ಗೆರೆಗೂ ಎಂತ ಸಂಬಂಧ? ಮೂವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಇವತ್ತೇ ಈ ಡೌಟ್ ಬಂದದ್ದು.

ಬೈಕಂಪಾಡಿ_ಗ್ಯಾರೇಜ್
ಬ್ರೇಕಿನ ಲೈನರ್ ಕೂಡ ಸೇರಿಸಿ. ಟೆಂಪೋ ಅಣ್ಣ, ನೀವು ಆ ಪೆರ್ಡೂರು ಬದಿಯ ಇಳಿಜಾರಿನಲ್ಲಿ ಲೋಡ್ ಹಾಕಿ ಇಳಿಯುವವರು, ಲೈನರ್ ನೋಡಿಸಿಕೊಂಡು ಎಷ್ಟು ಸಮಯ ಆಯ್ತು?

ಟೆಂಪೋ_ಅಣ್ಣ
ಹೋದ ದೀಪಾವಳಿಗೆ. ಕಿರ್ ಕಿರ್ ಅನ್ನುತ್ತದೆ ಈಗ.

ಬೈಕಂಪಾಡಿ_ಗ್ಯಾರೇಜ್
ಹೋಂವರ್ಕ್ ಆಮೇಲೆ ನೋಡುವ. ನಾಳೆಯೇ ಚಕ್ರ ಬಿಚ್ಚಿಸಿ. ಲೈನರ್ ಸವೆದು ರಿವೆಟ್ ಡ್ರಮ್ಮಿಗೆ ತಾಗುವ ಶಬ್ದ ಅದು. ಡ್ರಮ್ ಹೋದರೆ ಖರ್ಚು ಜಾಸ್ತಿ.

ರಜೆಯಲ್ಲಿರುವ_ಟೀಚರ್
@ಟೈಲರ್_ಅಕ್ಕ ಒಳ್ಳೆ ಪ್ರಶ್ನೆ. ಸಂಬಂಧ ಉಂಟು, ಚಂದದ ಸಂಬಂಧ. ಲ್ಯಾಟಿನ್ನಿನಲ್ಲಿ ‘ಲೀನುಮ್’ ಅಂದ್ರೆ ಅಗಸೆ ಗಿಡ. ಅದರ ನಾರಿನ ಬಟ್ಟೆಯೇ ಲಿನನ್. ಆ ನಾರಿನ ದಾರ ‘ಲೀನೆಯಾ’. ದಾರವನ್ನು ಬಿಗಿಯಾಗಿ ಹಿಡಿದರೆ ನೆಟ್ಟಗಿನ ಗೆರೆ ಸಿಗುತ್ತದೆ ಅಲ್ವಾ, ಹಾಗೆ ದಾರದ ಹೆಸರು ಗೆರೆಗೆ ಬಂತು. ಕೋಟಿನ ಒಳಗೆ ಲಿನನ್ ಬಟ್ಟೆ ಕೊಡುತ್ತಿದ್ದರು, ಅದು ಲೈನಿಂಗ್ ಆಯಿತು. ಒಳಪದರಕ್ಕೆಲ್ಲ ಅದೇ ಹೆಸರು ಅಂಟಿ ಬ್ರೇಕಿನವರೆಗೂ ಬಂತು. ಗೆರೆ, ಬ್ಲೌಸು, ಬ್ರೇಕು ಎಲ್ಲ ಒಂದೇ ಗಿಡದ್ದು.

ಕೆಂಪುಕಲ್ಲು_ಮೇಸ್ತ್ರಿ
ದಾರವೇ ಲೈನ್ ಅನ್ನುವುದು ನಮಗೆ ಗೊತ್ತಿಲ್ಲದ್ದಲ್ಲ. ಕೆಂಪು ಕಲ್ಲಿನ ಗೋಡೆ ಕಟ್ಟುವಾಗ ಎರಡು ಮೂಲೆಗೆ ಮೊದಲು ಕಲ್ಲಿಟ್ಟು ನಡುವೆ ದಾರ ಎಳೆಯುತ್ತೇವೆ. ‘ಲೈನಿಗೆ ಇಡು’ ಅಂದ್ರೆ ದಾರಕ್ಕೆ ಸರಿಯಾಗಿ ಇಡು ಅಂತ. ಕಲ್ಲು ದಾರಕ್ಕೆ ತಾಗಬಾರದು, ಒಂದು ನೂಲು ಬಿಡಬೇಕು, ತಾಗಿದರೆ ದಾರ ಹೊರಗೆ ಹೋಗಿ ಇಡೀ ಗೋಡೆ ಹೊಟ್ಟೆ ಬರುತ್ತದೆ. ಈಗಿನ ಹುಡುಗರಿಗೆ ಈ ಒಂದು ನೂಲಿನ ಲೆಕ್ಕ ಹೇಳಿ ಹೇಳಿ ಸಾಕಾಯಿತು.

ಹಡಗು_ಇಳಿದವ
ಹಡಗಿನಲ್ಲಂತೂ ಹಗ್ಗ ಅನ್ನುವ ಮಾತೇ ಕಮ್ಮಿ. ಸುರುಳಿಯಲ್ಲಿ ಇರುವಾಗ ಹಗ್ಗ, ಕೆಲಸಕ್ಕೆ ಇಳಿದರೆ ಲೈನ್. ದಕ್ಕೆಗೆ ಕಟ್ಟುವುದು ಮೂರಿಂಗ್ ಲೈನ್, ಅದಕ್ಕೂ ಮೊದಲು ಎಸೆಯುವ ತೆಳು ಹಗ್ಗ ಹೀವಿಂಗ್ ಲೈನ್. ಸಮಭಾಜಕ ವೃತ್ತಕ್ಕೂ ಬರೀ ‘ಲೈನ್’ ಅಂತಾರೆ. ಮೊದಲ ಸಲ ದಾಟುವವನಿಗೆ ನೆಪ್ಚೂನ್ ವೇಷದವನು ಬಂದು ಮೈಗೆಲ್ಲ ಕೊಳೆ ಬಳಿದು ನೀರಿಗೆ ಮುಳುಗಿಸುವ ಕ್ರಮ ಉಂಟು. ನನಗೆ ಅಡುಗೆಮನೆಯ ಹಳಸಿದ ಸಾಂಬಾರು ಹೊಯ್ದಿದ್ದರು.

ಇನ್ನೊಂದು, ಪಣಂಬೂರಿಗೆ ಹೋದರೆ ಹಡಗಿನ ಪಕ್ಕೆಯಲ್ಲಿ ನೋಡಿ. ಒಂದು ವೃತ್ತ, ನಡುವೆ ಅಡ್ಡಗೆರೆ. ಅದು ಲೋಡ್ ಲೈನ್. ಪಕ್ಕದಲ್ಲೇ ಏಣಿಯ ಹಾಗೆ ಇನ್ನೂ ಕೆಲವು ಗೆರೆ, ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು, ಸಿಹಿನೀರಿಗೆ ಒಂದು. ಸಿಹಿನೀರಿನಲ್ಲಿ ಹಡಗು ಸ್ವಲ್ಪ ಜಾಸ್ತಿ ಮುಳುಗುತ್ತದಲ್ಲ. ನೀರು ಆ ಗೆರೆಗಿಂತ ಮೇಲೆ ಬಂದರೆ ಓವರ್‌ಲೋಡ್. ಹಿಂದೆ ಇಂಗ್ಲೆಂಡಿನಲ್ಲಿ ಹಡಗಿನ ಮಾಲೀಕರು ಮಿತಿ ಇಲ್ಲದೆ ತುಂಬಿಸಿ ನಾವಿಕರು ಸಾಯುತ್ತಿದ್ದರು. ಸ್ಯಾಮ್ಯುಯೆಲ್ ಪ್ಲಿಮ್ಸೋಲ್ ಅಂತ ಒಬ್ಬ ಸಂಸದ ಸಂಸತ್ತಿನಲ್ಲಿ ಬೊಬ್ಬೆ ಹೊಡೆದು ಹೊಡೆದು 1876ರಲ್ಲಿ ಈ ಗೆರೆಗೆ ಕಾನೂನು ಮಾಡಿಸಿದ.

ಬನ್ಸ್_ಪ್ರಿಯೆ
ನಮ್ಮ ಲೈನ್ ಬಸ್ಸುಗಳಿಗೂ ಒಂದು ಪ್ಲಿಮ್ಸೋಲ್ ಗೆರೆ ಬೇಕಿತ್ತು.

ನುಡಿ_ಕಾವಲು
ಇಷ್ಟು ಚರ್ಚೆ ಮಾಡುವವರು ಕನ್ನಡದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮ್ಮಲ್ಲಿ ಒಂದೊಂದಕ್ಕೂ ಒಂದೊಂದು ಪದ ಇತ್ತು. ಎಳೆದದ್ದು ಗೆರೆ, ಗೀಟು. ನಿಂತದ್ದು ಸಾಲು. ಊಟಕ್ಕೆ ಕೂತದ್ದು ಪಂಕ್ತಿ, ಹಂತಿ. ದಾರದ್ದು ಎಳೆ. ಪದ್ಯದ್ದು ಪಾದ. ಎಲ್ಲವನ್ನೂ ಒಂದೇ ‘ಲೈನ್’ ನುಂಗಿ ಹಾಕಿತು. 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಕಿಟೆಲ್ಲರು 70,000ಕ್ಕೂ ಜಾಸ್ತಿ ಕನ್ನಡ ಪದ ಕೂಡಿಸಿ ನಿಘಂಟು ಅಚ್ಚು ಹಾಕಿಸಿದ ಊರು ಇದು. ಜರ್ಮನಿಯಿಂದ ಬಂದವರಿಗೆ ಇದ್ದ ಪ್ರೀತಿ ನಮಗಿಲ್ಲ.

ಪಡುಬಿದ್ರಿ_ಪೋಕ್ರಿ
‘ಪ್ರೆಸ್ಸಿನಲ್ಲಿ’ ಅಂದ್ರಲ್ಲ ಸರ್, ಮುದ್ರಣಾಲಯ ಎಲ್ಲಿ ಹೋಯಿತು?

ನುಡಿ_ಕಾವಲು
ಸಾಬೀತಾಯಿತಲ್ಲ, ನನ್ನನ್ನೂ ನುಂಗಿದೆ.

ಮಾಟುಂಗ_ರಿಟರ್ನ್
ಪಂಕ್ತಿ ಅಂದ್ರೆ ಮೊದಲು ಐದು ಅಂತ ಅರ್ಥ ಅಂತೆ ಹೌದಾ? ನಮ್ಮ ಪುರೋಹಿತರು ಹೇಳಿದ್ದರು, ನಾನು ನಂಬಲಿಲ್ಲ.

ನುಡಿ_ಕಾವಲು
ಹೌದು, ಐದರ ಗುಂಪು. ವೇದದಲ್ಲಿ ಪಂಕ್ತಿ ಅನ್ನುವ ಛಂದಸ್ಸೇ ಉಂಟು, ಎಂಟೆಂಟು ಅಕ್ಷರದ ಐದು ಪಾದ. ಆಮೇಲೆ ಯಾವ ಸಾಲಿಗಾದರೂ ಪಂಕ್ತಿ ಅಂದರು.

ಕದ್ರಿ_ಕಾಪಿ
ಪಂಕ್ತಿಯ ಸುದ್ದಿ ಇಲ್ಲಿಗೇ ಸಾಕು. ಇದು ಉಡುಪಿ. ಇನ್ನು ಎರಡು ಕಮೆಂಟ್ ಆದರೆ ಜಗಳ ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಬನ್ಸ್_ಪ್ರಿಯೆ
ಇಂಗ್ಲಿಷಿಗೆ ಮಾತ್ರ ಯಾಕೆ ಬೈಯುವುದು? ನಮ್ಮ ‘ಹೊಡೆ’ಯನ್ನು ನೋಡಿ. ಲೈನ್ ಹೊಡೆ, ಬಣ್ಣ ಹೊಡೆ, ಟೈರಿಗೆ ಗಾಳಿ ಹೊಡೆ, ಹಾರ್ನ್ ಹೊಡೆ, ನಿದ್ದೆ ಹೊಡೆ, ಬೊಬ್ಬೆ ಹೊಡೆ, ಶಾಕ್ ಹೊಡೆಯಿತು, ವಾಸನೆ ಹೊಡೆಯಿತು, ಲಾಟರಿ ಹೊಡೆಯಿತು, ಕಣ್ಣು ಹೊಡೆದ. ಇದರಲ್ಲಿ ಯಾರಿಗೂ ಪೆಟ್ಟು ಬಿದ್ದಿಲ್ಲ.

ಕಂಬ_ಹತ್ತುವವ
ಶಾಕ್ ಹೊಡೆದರೆ ಬೀಳುತ್ತದೆ ಅಕ್ಕ.

ಪಡುಬಿದ್ರಿ_ಪೋಕ್ರಿ
ಕಣ್ಣು ಹೊಡೆದಾಗಲೂ ಬಿದ್ದಿದೆ. ಅನುಭವ.

ಗಣಿತ_ಮಾಸ್ಟ್ರು
ಎಲ್ಲರ ಲೈನೂ ತಪ್ಪು. ರೇಖೆಗೆ ಆರಂಭವೂ ಇಲ್ಲ, ಕೊನೆಯೂ ಇಲ್ಲ, ದಪ್ಪವೂ ಇಲ್ಲ. ಟೆಂಪೋ ಅಣ್ಣನದ್ದು ಉಡುಪಿಯಲ್ಲಿ ಶುರುವಾಗಿ ಪೆರ್ಡೂರಿನಲ್ಲಿ ಮುಗಿಯುವುದರಿಂದ ಅದು ರೇಖಾಖಂಡ. ಅವರು ಮಾಡುವುದು ರೇಖಾಖಂಡ ಸೇಲ್.

ಕುಂದಾಪ್ರ_ಹುಡ್ಗ
ಮಾಸ್ಟ್ರೆ ನಿಮ್ಗೆ ಕೈ ಮುಗ್ದೆ.

ರಜೆಯಲ್ಲಿರುವ_ಟೀಚರ್
ಟೆಂಪೋ ಅಣ್ಣ, ಒಂದು ವಿಷಯ ಮೊದಲೇ ಕೇಳಬೇಕಿತ್ತು. ಆ ಕೆಂಪು ಗೆರೆ ವಾಕ್ಯದ ಮೇಲೆ ಎಳೆದದ್ದಾ, ಕೆಳಗೆ ಎಳೆದದ್ದಾ? ನಾನು ತಪ್ಪಾದರೆ ಮೇಲೆ ಅಡ್ಡ ಎಳೆಯುತ್ತೇನೆ. ಏನೋ ಕೇಳಬೇಕು, ಮಾತಾಡಬೇಕು ಅನ್ನಿಸಿದರೆ ಅಡಿಗೆರೆ ಹಾಕುತ್ತೇನೆ. ಎರಡೂ ಕೆಂಪು ಪೆನ್ನೇ.

ಟೆಂಪೋ_ಅಣ್ಣ
ತಡೀರಿ, ಪುಸ್ತಕ ಅವನ ಬ್ಯಾಗಿನಲ್ಲಿ ಉಂಟು.

ನೋಡಿದೆ. ಕೆಳಗೇ ಉಂಟು ಟೀಚರ್. ಸ್ವಲ್ಪ ಡೊಂಕಾಗಿ ಹೋಗಿ ಕೊನೆಯಲ್ಲಿ ಅಕ್ಷರಕ್ಕೆ ತಾಗಿದೆ, ಅದಕ್ಕೆ ನಾವು ಹೊಡೆದು ಹಾಕಿದ್ದಾರೆ ಅಂದುಕೊಂಡದ್ದು. ಪಕ್ಕದಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆನೂ ಉಂಟು. ಹುಡುಗ ಅದನ್ನು ಎರಡು ಮಾರ್ಕ್ ಅಂತ ಓದಿದ್ದನಂತೆ, ಐದಕ್ಕೆ ಎರಡು.

ಕದ್ರಿ_ಕಾಪಿ
ನಾನು ‘ಟೀಚರ್ ತಪ್ಪು’ ಅಂದದ್ದನ್ನು ಯಾರೂ ಸ್ಕ್ರೀನ್‌ಶಾಟ್ ತೆಗೆಯಲಿಲ್ಲ ಅಲ್ವಾ.

ಬನ್ಸ್_ಪ್ರಿಯೆ
ತೆಗೆದಾಯಿತು.

ಟೆಂಪೋ_ಅಣ್ಣ
ಇವತ್ತು ಲೈನ್ ಮುಗಿಸಿ ಶಾಲೆಗೆ ಹೋಗಿ ಬಂದೆ. ಟೀಚರ್ ಮಂಡ್ಯ ಕಡೆಯವರು, ಈ ವರ್ಷ ಬಂದದ್ದು. ಅವರಿಗೆ ಹೋಟೆಲ್ ಲೈನ್ ಗೊತ್ತಿತ್ತು, ಬೆಂಗಳೂರಿನಲ್ಲೂ ಹಾಗೇ ಹೇಳುತ್ತಾರಂತೆ. ಅದಕ್ಕೆ ಯಾಕೆ ಗೆರೆ ಅಂದ್ರೆ ‘ಇನ್’ ಬದಲು ‘ಆನ್’ ಬರೆದಿದ್ದಾನೆ ಅಷ್ಟೆ. ಲೈನಿಗೆ ಹೋಗುವುದು ಮಾತ್ರ ಎಂತ ಅಂತ ಗೊತ್ತಾಗಲಿಲ್ಲವಂತೆ, ‘ಅವರ ತಂದೆ ಪೊಲೀಸ್ ಲೈನಿನಲ್ಲಿ ಇದ್ದಾರಾ, ಕಂಬ ಹತ್ತುವವರಾ, ಹೇಗೆ ಕೇಳುವುದು’ ಅಂತ ಸುಮ್ಮನಾದರಂತೆ. ನಾನು ಟೆಂಪೋ ಹಿಂಬಾಗಿಲು ತೆಗೆದು ತೋರಿಸಿದೆ. ಕ್ರೇಟು, ಬಿಲ್ ಪುಸ್ತಕ, ರಿಟರ್ನ್ ಬನ್ನು. ‘ಓ, ಇದಾ ಲೈನು’ ಅಂದ್ರು. ಒಂದು ಪ್ಯಾಕೆಟ್ ರಸ್ಕ್ ತೆಗೆದುಕೊಂಡು ದುಡ್ಡು ಕೊಟ್ಟೇ ಕೊಟ್ಟರು, ಬೇಡ ಅಂದ್ರೂ ಕೇಳಲಿಲ್ಲ.

ಮಾರ್ಕ್ ಐದಕ್ಕೆ ನಾಲ್ಕೂವರೆ. ಅರ್ಧ ‘ಆನ್’ಗೆ ಹೋಯಿತು.

ಬೈಕಂಪಾಡಿ_ಗ್ಯಾರೇಜ್
ಲೈನರ್?

ಟೆಂಪೋ_ಅಣ್ಣ
ಭಾನುವಾರ ಖಂಡಿತ.

ಮಾಟುಂಗ_ರಿಟರ್ನ್
ಪೆರ್ಡೂರಿಗೆ ಎಷ್ಟು ಗಂಟೆಗೆ ಬರ್ತೀರಿ? ನಮ್ಮ ಹೋಟೆಲಿಗೆ ದಿನಾ 40 ಬನ್ ಬೇಕು.

ಟೆಂಪೋ_ಅಣ್ಣ
ಎಂಟೂವರೆಗೆ ಅಣ್ಣ. ಅಡ್ರೆಸ್ ಇನ್‌ಬಾಕ್ಸಿಗೆ ಹಾಕಿ.